ಕಾರು ಹೋಯಿತು, ಕಂತು ಉಳಿಯಿತು

ಮೈಸೂರು ರಸ್ತೆಯಿಂದ ಬಾಪೂಜಿ ನಗರದೊಳಕ್ಕೆ ತಿರುಗಿದರೆ ಅಡ್ಡರಸ್ತೆಗಳು ಎಷ್ಟು ಕಿರಿದೆಂದರೆ, ಎರಡು ಕಾರುಗಳು ಎದುರುಬದುರಾದಲ್ಲಿ ಒಂದು ಹಿಂದೆ ಸರಿಯಲೇಬೇಕು. ಆದರೂ ಪ್ರತಿ ಮನೆಯ ಮುಂದೆಯೂ ಒಂದು ಕಾರು ನಿಂತಿರುತ್ತದೆ. ಕೆಲವಕ್ಕೆ ಬಿಳಿಯ ಫಲಕ, ಕೆಲವಕ್ಕೆ ಬಾಡಿಗೆ ವಾಹನದ ಹಳದಿ ಫಲಕ. ಹಾದುಹೋಗುವವರು ಇದನ್ನು ಕಂಡು, ಈ ಬಡಾವಣೆಯ ಜನ ಅನುಕೂಲಸ್ಥರಾದರೆಂದು ತಿಳಿಯುವುದು ಸಹಜ. ಇಲ್ಲಿ ಹಲವು ವರ್ಷಗಳಿಂದ ವಾಸಿಸುತ್ತಿರುವ ನನಗೆ ಹಾಗೆ ತೋರುವುದಿಲ್ಲ. ಈ ಕಾರುಗಳ ಪೈಕಿ ಬಹಳಷ್ಟರ ನೋಂದಣಿ ಪತ್ರವನ್ನು ತೆರೆದು ನೋಡಿದರೆ ಒಡೆಯನ ಹೆಸರಿನ ಕೆಳಗೆ ಸಾಲ ಕೊಟ್ಟ ಸಂಸ್ಥೆಯ ಹೆಸರೂ ಇರುತ್ತದೆ. ಕೊನೆಯ ಕಂತು ತೀರಿ, ನಮೂನೆ 35 ಎಂಬ ಕಾಗದಕ್ಕೆ ಆ ಸಂಸ್ಥೆಯ ರುಜು ಬೀಳುವವರೆಗೆ ಕಾರು ಪೂರ್ತಿಯಾಗಿ ಯಾರದೂ ಅಲ್ಲ.

ಕಂತು ಎಂಬ ಮಾತೇ ವಿಚಿತ್ರವಾದುದು. ಹಳಗನ್ನಡ ಕಾವ್ಯಗಳಲ್ಲಿ ಅದು ಮನ್ಮಥನ ಹೆಸರು. ಕ್ರಿಯಾಪದವಾದರೆ ಮುಳುಗು, ಅಸ್ತಮಿಸು ಎಂಬರ್ಥ. ಇಂದಿನ ವ್ಯವಹಾರದಲ್ಲಿ ಸಾಲದ ಪಾಲು. ಈ ಮೂರಕ್ಕೂ ಪರಸ್ಪರ ಸಂಬಂಧವಿದೆಯೆಂದು ಯಾವ ನಿಘಂಟೂ ಹೇಳುವುದಿಲ್ಲ. ನಮ್ಮ ಬೀದಿಯ ಅನುಭವ ಮಾತ್ರ ಆ ಕ್ರಮದಲ್ಲಿಯೇ ಸಾಗಿದೆ: ಮೊದಲು ಆಸೆ, ಕೊನೆಗೆ ಮುಳುಗು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. 2025ರ ಜುಲೈ ತಿಂಗಳಿನಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸಂಸ್ಥೆಯು ತನ್ನ ನೌಕರರಲ್ಲಿ ಶೇಕಡ 2ರಷ್ಟನ್ನು, ಎಂದರೆ ಸುಮಾರು 12,000 ಜನರನ್ನು ಬಿಡುವುದಾಗಿ ಪ್ರಕಟಿಸಿತು. ಸಾಫ್ಟ್‌ವೇರ್ ಉದ್ಯೋಗವೆಂದರೆ ಸರ್ಕಾರಿ ನೌಕರಿಗಿಂತಲೂ ಭದ್ರವೆಂದು ನಂಬಿದ್ದ ಮನೆಗಳಲ್ಲಿ ಅಂದಿನಿಂದ ಒಂದು ಬಗೆಯ ಅಂಜಿಕೆ ನೆಲೆಸಿದೆ. ಕೆಲಸ ಹೋದವನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಊಟದ್ದಲ್ಲ. ಊಟಕ್ಕೆ ಹೇಗೋ ಆಗುತ್ತದೆ. ಐದನೆಯ ತಾರೀಖಿನ ಕಂತಿಗೆ ಏನು ಮಾಡುವುದು ಎಂಬುದೇ ಆ ಪ್ರಶ್ನೆ. ಇದನ್ನು ನಮ್ಮ ಬೀದಿ ಐದಾರು ವರ್ಷಗಳ ಹಿಂದೆಯೇ ಕಂಡಿತ್ತು. ಅದರಲ್ಲಿ ನನಗೂ ಪಾಲಿತ್ತಾದ್ದರಿಂದ ಅದನ್ನೇ ಹೇಳುತ್ತೇನೆ. ಸಂಬಂಧಪಟ್ಟವರ ಹೆಸರುಗಳನ್ನು ಬಿಟ್ಟಿರುವುದಕ್ಕೆ ವಾಚಕರು ಕ್ಷಮಿಸಬೇಕು.

ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಒಬ್ಬ ಗೃಹಸ್ಥರಿದ್ದಾರೆ. ಯಂತ್ರದ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. 2017ರಲ್ಲಿ ಅವರ ವಿಭಾಗವನ್ನು ಮುಚ್ಚಿ, ಕೈಗೆ ಪರಿಹಾರದ ಹಣವನ್ನು ಕೊಟ್ಟು ಕಳಿಸಿದರು. ನಲವತ್ತು ದಾಟಿದವನಿಗೆ ಮತ್ತೊಂದು ಕಾರ್ಖಾನೆಯ ಬಾಗಿಲು ತೆರೆಯುವುದು ಕಷ್ಟ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಕಾರು ಓಡಿಸುವವನಿಗೆ ಕೆಲಸಕ್ಕೆ ಕೊರತೆಯಿಲ್ಲವೆಂಬ ಮಾತು ಎಲ್ಲ ಕಡೆಯೂ ಇತ್ತು. ಓಲಾ, ಊಬರ್ ಕಂಪನಿಗಳು ಚಾಲಕರಿಗೆ ಕೊಡುತ್ತಿದ್ದ ಪ್ರೋತ್ಸಾಹ ಧನವನ್ನು ಕಡಿಮೆ ಮಾಡಿದ್ದರಿಂದ 2017ರ ಫೆಬ್ರವರಿಯಲ್ಲಿ ಚಾಲಕರು ಮುಷ್ಕರ ಹೂಡಿದ್ದರು. ಆದರೆ ಆ ಸುದ್ದಿಗಿಂತ, ಅದಕ್ಕೆ ಹಿಂದಿನ ವರ್ಷಗಳ ಸಂಪಾದನೆಯ ಕಥೆಗಳೇ ಜನರ ಕಿವಿಯಲ್ಲಿ ಉಳಿದಿದ್ದುವು. ನಮ್ಮ ಗೃಹಸ್ಥರು ಪರಿಹಾರದ ಹಣವನ್ನು ಮುಂಗಡವಾಗಿ ಕೊಟ್ಟು, 2018ರ ಫೆಬ್ರವರಿಯಲ್ಲಿ ಆರು ಲಕ್ಷ ರೂಪಾಯಿ ಸಾಲದ ಮೇಲೆ ಒಂದು ಕಾರನ್ನು ಕೊಂಡರು. ಅದನ್ನು ಸಾಫ್ಟ್‌ವೇರ್ ಕಂಪನಿಯೊಂದರ ನೌಕರರನ್ನು ಕರೆದೊಯ್ಯುವ ಗುತ್ತಿಗೆಗೆ ಬಿಟ್ಟರು. ಸಾಲದ ಪತ್ರಕ್ಕೆ ಜಾಮೀನುದಾರನೊಬ್ಬ ಬೇಕಾಗಿತ್ತು. ತಿಂಗಳ ಸಂಬಳ ತಪ್ಪದೆ ಬರುವ ಮೇಷ್ಟರಿಗಿಂತ ಯೋಗ್ಯನಾದ ಜಾಮೀನುದಾರ ಬೀದಿಯಲ್ಲಿ ಇನ್ನಾರು? ನಾನು ರುಜು ಹಾಕಿದೆ. ಪತ್ರವನ್ನು ಓದಲಿಲ್ಲ.

ಈ ಸಾಲದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಏಕೆಂದರೆ ಕಂತಿನ ಮೋಹವೂ ಸಂಕಟವೂ ಅಡಗಿರುವುದು ಅಲ್ಲಿಯೇ. ಆರು ಲಕ್ಷಕ್ಕೆ ವರ್ಷಕ್ಕೆ ಶೇಕಡ 10ರ ಬಡ್ಡಿ, ಐದು ವರ್ಷದ ಅವಧಿ ಎಂದರೆ ತಿಂಗಳಿಗೆ 12,748 ರೂಪಾಯಿ. ಕಂತು ಪ್ರತಿ ತಿಂಗಳೂ ಒಂದೇ ಆದರೂ ಅದರ ಒಳಗು ಒಂದೇ ಅಲ್ಲ. ಮೊದಲನೆಯ ಕಂತಿನಲ್ಲಿ 5,000 ಬಡ್ಡಿಗೆ ಹೋಗುತ್ತದೆ. 7,748 ಮಾತ್ರ ಅಸಲಿಗೆ. ಎರಡು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದವನು ಮೂರು ಲಕ್ಷದ ಆರು ಸಾವಿರದಷ್ಟು ಕೊಟ್ಟಿರುತ್ತಾನೆ. ಸಾಲ ಅರ್ಧ ತೀರಿತೆಂದು ಅವನು ಎಣಿಸಿದರೆ ತಪ್ಪು. ಇನ್ನೂ ಮೂರು ಲಕ್ಷದ ತೊಂಬತ್ತೈದು ಸಾವಿರ ಉಳಿದಿರುತ್ತದೆ. ಇತ್ತ ಕಾರಿನ ಬೆಲೆಯೋ, ಅಂಗಡಿಯಿಂದ ಹೊರಬಿದ್ದ ದಿನದಿಂದಲೇ ಇಳಿಯತೊಡಗುತ್ತದೆ. ಸಾಲ ಇಳಿಯುವ ವೇಗಕ್ಕಿಂತ ಕಾರಿನ ಬೆಲೆ ಇಳಿಯುವ ವೇಗ ಹೆಚ್ಚು. ಕೆಲಸವಿರುವವರೆಗೂ ಈ ಎರಡರ ನಡುವಣ ಕಂದರ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಹೋದಾಗ ಕಾಲಿಡುವುದು ಅದರೊಳಕ್ಕೇ.

ನಮ್ಮ ಗೃಹಸ್ಥರು ಇಪ್ಪತ್ತನಾಲ್ಕು ಕಂತುಗಳನ್ನು ಕಟ್ಟಿದರು. ಇಪ್ಪತ್ತೈದನೆಯದು 2020ರ ಮಾರ್ಚ್ ತಿಂಗಳಿನದು. ಆ ತಿಂಗಳ ಕೊನೆಗೆ ದೇಶವೇ ಬಾಗಿಲು ಹಾಕಿಕೊಂಡಿತು. ಸಾಫ್ಟ್‌ವೇರ್ ನೌಕರರು ಮನೆಯಿಂದಲೇ ಕೆಲಸ ಮಾಡತೊಡಗಿದರು. ಅವರನ್ನು ಕರೆದೊಯ್ಯುವ ಕಾರುಗಳು ಬೀದಿಯಲ್ಲಿ ಧೂಳು ಹಿಡಿದು ನಿಂತುವು. ಗುತ್ತಿಗೆ ರದ್ದಾಯಿತು. ಮೂರು ವರ್ಷದೊಳಗೆ ಒಬ್ಬ ಮನುಷ್ಯ ಎರಡನೆಯ ಸಲ ಕೆಲಸ ಕಳೆದುಕೊಂಡಂತಾಯಿತು. ಈ ಸಲ ಪರಿಹಾರವಿರಲಿಲ್ಲ. ಏಕೆಂದರೆ ಕಾಗದದ ಮೇಲೆ ಅವರು ನೌಕರರೇ ಅಲ್ಲ, ಕಾರಿನ ಮಾಲೀಕರು!

ಆಗ ರಿಸರ್ವ್ ಬ್ಯಾಂಕು ಒಂದು ಅಪೂರ್ವವಾದ ಕೆಲಸ ಮಾಡಿತು. 2020ರ ಮಾರ್ಚ್ 27ರಂದು, ಕಂತು ಕಟ್ಟಲು ಮೂರು ತಿಂಗಳ ವಿರಾಮ ಕೊಡಬಹುದೆಂದು ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ಅನುಮತಿಯಿತ್ತಿತು. ಮೇ 22ರಂದು ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಸಾಲಗಾರನ ತಪ್ಪಿಲ್ಲದೆ ಸಂಪಾದನೆ ನಿಂತಾಗ ಕಂತೂ ನಿಲ್ಲಬಹುದು ಎಂಬ ತತ್ತ್ವವನ್ನು ನಮ್ಮ ಹಣಕಾಸಿನ ವ್ಯವಸ್ಥೆ ಇಷ್ಟು ವಿಸ್ತಾರವಾಗಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ನಿಂತದ್ದು ಕಂತು ಮಾತ್ರ, ಬಡ್ಡಿಯಲ್ಲ. ಉಳಿದ 3,95,000ದ ಮೇಲೆ ಆರು ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಬಡ್ಡಿ ಬೆಳೆದು ಅಸಲಿಗೆ ಸೇರಿತು. ಮತ್ತೆ ಅದೇ ಕಂತಿನಂತೆ ಕಟ್ಟುತ್ತ ಹೋದರೆ, ಮುಂದೂಡಿದ ಆರು ಕಂತುಗಳ ಜೊತೆಗೆ ಇನ್ನೂ ಎರಡಕ್ಕಿಂತ ಸ್ವಲ್ಪ ಹೆಚ್ಚು ಕಂತುಗಳನ್ನು ಕಟ್ಟಬೇಕಾಗುತ್ತದೆ. ವಿರಾಮದ ಬೆಲೆ ಇಪ್ಪತ್ತೇಳು ಸಾವಿರ.

ಬಡ್ಡಿಯ ಮೇಲಣ ಬಡ್ಡಿಯ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಪತ್ರಿಕೆಗಳು ತಿಂಗಳುಗಟ್ಟಲೆ ಅದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿದುವು. ಎರಡು ಕೋಟಿಯವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ನಡುವಣ ವ್ಯತ್ಯಾಸವನ್ನು ತಾನೇ ತುಂಬಿಕೊಡುವುದಾಗಿ ಕೇಂದ್ರ ಸರ್ಕಾರ 2020ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ವಾಹನ ಸಾಲವೂ ಅದರಲ್ಲಿ ಸೇರಿತ್ತು. 2021ರ ಮಾರ್ಚ್ 23ರಂದು ನ್ಯಾಯಾಲಯವು, ವಿರಾಮದ ಅವಧಿಗೆ ಯಾವ ಸಾಲಗಾರನಿಂದಲೂ ಚಕ್ರಬಡ್ಡಿಯನ್ನು ವಸೂಲು ಮಾಡಕೂಡದೆಂದು ತೀರ್ಪಿತ್ತಿತು. ಆದರೆ ಬಡ್ಡಿಯನ್ನೇ ಮನ್ನಾ ಮಾಡಲು ಸಾಧ್ಯವಿಲ್ಲವೆಂದೂ ಹೇಳಿತು. ತತ್ತ್ವ ದೊಡ್ಡದು, ಒಪ್ಪೋಣ. ಅದು ನಮ್ಮ ಬೀದಿಗೆ ಇಳಿದಾಗ ಎಷ್ಟಾಯಿತೆಂದು ನಾನು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. 3,95,000ದ ಮೇಲೆ ಆರು ತಿಂಗಳ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ಅಂತರ 416 ರೂಪಾಯಿ. ನನ್ನ ಲೆಕ್ಕ ತಪ್ಪಿರಬೇಕೆಂದು ಗಣಿತದ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ತಪ್ಪಿರಲಿಲ್ಲ.

ರಾಜ್ಯ ಸರ್ಕಾರವೂ ಕೈಕಟ್ಟಿ ಕುಳಿತಿರಲಿಲ್ಲ. 2020ರ ಮೇ ತಿಂಗಳಿನಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಗಳನ್ನು ಘೋಷಿಸಿದರು. ಎರಡನೆಯ ಅಲೆಯ ಕಾಲಕ್ಕೆ, 2021ರ ಮೇ ತಿಂಗಳಿನಲ್ಲಿ, ತಲಾ 3,000. ಎರಡನ್ನೂ ಕೂಡಿಸಿದರೆ ನಮ್ಮ ಗೃಹಸ್ಥರ ಒಂದು ಕಂತಿನ ಮೂರನೆಯ ಎರಡು ಪಾಲೂ ಆಗುವುದಿಲ್ಲ. ಹಸಿವಿಗೆ ಅದು ನೆರವಾದೀತು, ಸಾಲಕ್ಕಲ್ಲ.

ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಕಂತುಗಳನ್ನು ಅವರು ಹೆಂಡತಿಯ ಬಳೆಗಳನ್ನು ಅಡವಿಟ್ಟು ಕಟ್ಟಿದರು. ನವೆಂಬರಿನಿಂದ ಕೈ ಸೋತಿತು. 2021ರ ಫೆಬ್ರವರಿಯ ಒಂದು ಮುಂಜಾನೆ, ಸ್ಯಾಟಲೈಟ್ ಬಸ್ ನಿಲ್ದಾಣದ ಹತ್ತಿರ ಬಾಡಿಗೆಗೆ ಕಾಯುತ್ತಿದ್ದಾಗ ನಾಲ್ವರು ಬಂದು ಕೀಲಿಕೈಯನ್ನು ಕೇಳಿ ಪಡೆದು ಕಾರನ್ನು ಒಯ್ದರು. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹಿಂದಿನ ಆಸನದ ಮೇಲಿದ್ದ ಊಟದ ಡಬ್ಬಿಯನ್ನು ಒಬ್ಬನು ತೆಗೆದು ಕೈಗೆ ಕೊಟ್ಟನಂತೆ. ನಮ್ಮವರು ಅಲ್ಲಿಂದ ಮನೆಗೆ ನಡೆದುಕೊಂಡೇ ಬಂದರು.

ಎಲ್ಲರಿಗೂ ಇಷ್ಟು ಸೌಜನ್ಯ ದೊರೆಯುವುದಿಲ್ಲ. ವಸೂಲಿಗೆ ತೋಳ್ಬಲದವರನ್ನು ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಒಂದು ಟ್ರಕ್ಕಿನ ಸಾಲದ ಪ್ರಕರಣದಲ್ಲಿಯೇ ಎಚ್ಚರಿಸಿತ್ತು. ಆದರೂ 2022ರ ಸೆಪ್ಟೆಂಬರಿನಲ್ಲಿ ಜಾರ್ಖಂಡದ ಹಜಾರಿಬಾಗ್ ಜಿಲ್ಲೆಯಲ್ಲಿ, ರೈತನೊಬ್ಬನ ಟ್ರ್ಯಾಕ್ಟರನ್ನು ವಸೂಲಿಗಾರರು ಒಯ್ಯುವಾಗ ಅವನ ಗರ್ಭಿಣಿ ಮಗಳು ಅದರ ಚಕ್ರಕ್ಕೆ ಸಿಕ್ಕಿ ಸತ್ತಳು. ಅದಕ್ಕೆ ಒಂದು ತಿಂಗಳ ಹಿಂದೆ, 2022ರ ಆಗಸ್ಟ್ 12ರಂದು, ವಸೂಲಿಗಾರರು ಬೆಳಗಿನ 8 ಗಂಟೆಗೆ ಮೊದಲೂ ಸಂಜೆಯ 7ರ ಅನಂತರವೂ ಸಾಲಗಾರರಿಗೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು ಆಜ್ಞಾಪಿಸಿತ್ತು. ತಡವಾದ ಕಂತಿಗೆ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಿ ಅದರ ಮೇಲೂ ಬಡ್ಡಿ ಬೆಳೆಸುವ ಪದ್ಧತಿಯನ್ನು 2023ರ ಆಗಸ್ಟಿನ ಇನ್ನೊಂದು ಆಜ್ಞೆ ನಿಷೇಧಿಸಿತು. ಅದು 2024ರಲ್ಲಿ ಜಾರಿಗೆ ಬಂತು. ಇವೆಲ್ಲವೂ ಬೇಕಾದ ಕ್ರಮಗಳೇ. ಆದರೆ ಇವು ಹೇಳುವುದು ವಸೂಲಿ ಹೇಗೆ ನಡೆಯಬೇಕೆಂಬುದನ್ನು. ಕೊಡಲು ಇಲ್ಲದವನಿಂದ ಏನನ್ನು ವಸೂಲು ಮಾಡುವುದು ಎಂಬ ಪ್ರಶ್ನೆಯನ್ನು ಇವು ಮುಟ್ಟುವುದಿಲ್ಲ.

ಕಾರನ್ನು ಕೊಟ್ಟುಬಿಟ್ಟರೆ ಸಾಲ ತೀರಿತೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ನಾನೂ ಹಾಗೆಯೇ ನಂಬಿದ್ದೆ. ಎರಡು ತಿಂಗಳ ಅನಂತರ ಎರಡು ಮನೆಗಳಿಗೂ ಒಂದೇ ಒಕ್ಕಣೆಯ ಕಾಗದ ಬಂತು. ಅಸಲು, ಬಡ್ಡಿ, ದಂಡ, ಕಾರನ್ನು ಒಯ್ದ ವೆಚ್ಚ, ಅದನ್ನು ನಿಲ್ಲಿಸಿಕೊಂಡ ಜಾಗದ ಬಾಡಿಗೆ, ಎಲ್ಲ ಸೇರಿ 4,23,000. ಹರಾಜಿನಲ್ಲಿ ಬಂದದ್ದು 2,65,000. ಉಳಿದ 1,58,000ವನ್ನು ಸಾಲಗಾರನಾಗಲಿ ಜಾಮೀನುದಾರನಾಗಲಿ ಕೂಡಲೇ ಕಟ್ಟತಕ್ಕದ್ದು. 1872ರ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಜಾಮೀನು ಎಂಬುದು ಹೊರಗಿನಿಂದ ಬಂದ ಮಾತು. ಕನ್ನಡದಲ್ಲಿ ಅದಕ್ಕೆ ಹೊಣೆ ಎನ್ನುತ್ತಾರೆ. ಹೊಣೆ, ಹೊಣೆಗಾರ ಎಂಬ ಶಬ್ದಗಳನ್ನು ಹತ್ತಾರು ಸಲ ಪಾಠದಲ್ಲಿ ವಿವರಿಸಿದವನಿಗೆ ಅವುಗಳ ಅರ್ಥ ಅಂದು ತಿಳಿಯಿತು.

ಇನ್ನು ಹೇಳಬೇಕಾದದ್ದು ನನಗೆ ಗೌರವ ತರುವಂಥದಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಓದಿದವರಿಗೂ, ಓದದೆ ನಾಟಕದಲ್ಲಿ ಕಂಡವರಿಗೂ ನಕ್ಷತ್ರಿಕ ಗೊತ್ತು. ಯಾಗಕ್ಕೆಂದು ಕೊಡಲೊಪ್ಪಿದ ಹೊನ್ನು ರಾಜನ ಬಳಿಯೇ ಉಳಿದಿತ್ತು; ರಾಜ್ಯವನ್ನೆಲ್ಲ ಕೊಟ್ಟ ಮೇಲೂ ಆ ಹೊನ್ನು ಬೇರೆಯಾಗಿಯೇ ಬರಬೇಕೆಂದು ವಿಶ್ವಾಮಿತ್ರ ಹಟ ಹಿಡಿದ. ರಾಜ್ಯ ಹೋಯಿತು, ಸಾಲ ಉಳಿಯಿತು. ಅದನ್ನು ವಸೂಲು ಮಾಡಲು ಕಾಶಿಯವರೆಗೆ ಬೆನ್ನುಹತ್ತಿದವನೇ ನಕ್ಷತ್ರಿಕ. ಬಿಡದೆ ಪೀಡಿಸುವವನಿಗೆ ಇಂದಿಗೂ ನಮ್ಮ ಮಾತಿನಲ್ಲಿ ಅವನದೇ ಹೆಸರು. ಆ ಕಾಗದ ಬಂದ ದಿನದಿಂದ ಬಾಪೂಜಿ ನಗರದ ನಕ್ಷತ್ರಿಕ ನಾನೇ ಆದೆ. ಪ್ರತಿ ತಿಂಗಳ ಮೊದಲ ವಾರ ಅವರ ಬಾಗಿಲಲ್ಲಿ ನಿಂತು, ಏನಾದರೂ ಆಯಿತೇ ಎಂದು ಕೇಳುತ್ತಿದ್ದೆ. ದನಿ ಎತ್ತಲಿಲ್ಲ, ಎತ್ತುವ ಅಗತ್ಯವಿರಲಿಲ್ಲ. ನನ್ನ ಹೆಜ್ಜೆಯ ಸದ್ದು ಕೇಳಿದರೆ ಒಳಗಿನ ದೂರದರ್ಶನದ ಸದ್ದು ನಿಲ್ಲುತ್ತಿತ್ತು. ನನಗೂ ನನ್ನ ಭಯವಿತ್ತು: ಮನೆ ಕಟ್ಟಲು ನಾನು ಸಾಲಕ್ಕೆ ಅರ್ಜಿ ಹಾಕಿದ್ದೆ, ಜಾಮೀನುದಾರನ ಹೆಸರೂ ಸಿಬಿಲ್ ದಾಖಲೆಯಲ್ಲಿ ಕೆಡುತ್ತದೆಂದು ಬ್ಯಾಂಕಿನವರು ತಿಳಿಸಿದ್ದರು. ಕೊನೆಗೆ 2023ರಲ್ಲಿ ಒಂದು ಲಕ್ಷಕ್ಕೆ ರಾಜಿಯಾಗಿ ಹತ್ತು ಕಂತುಗಳಲ್ಲಿ ತೀರಿತು. ಆರನ್ನು ಅವರು ಕಟ್ಟಿದರು, ನಾಲ್ಕನ್ನು ನಾನು. ಈಗ ಅವರು ಇನ್ನೊಬ್ಬರ ಕಾರನ್ನು ತಿಂಗಳ ಸಂಬಳಕ್ಕೆ ಓಡಿಸುತ್ತಾರೆ.

ಕಳೆದ ವರ್ಷ ಈ ಕಾವ್ಯಭಾಗವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ನಕ್ಷತ್ರಿಕನ ತಪ್ಪೇನು ಸಾರ್? ಅವನೂ ಗುರು ಹೇಳಿದ ಕೆಲಸವನ್ನು ಮಾಡಿದ, ಅಷ್ಟೇ ತಾನೆ? ಅವಳ ಅಣ್ಣ ವಸೂಲಿ ಸಂಸ್ಥೆಯೊಂದರಲ್ಲಿ ಫೋನಿನ ಕೆಲಸದಲ್ಲಿದ್ದಾನೆಂದು ಅನಂತರ ತಿಳಿಯಿತು. ಪ್ರಶ್ನೆ ಸರಿಯಾದುದೇ. ಬಸ್ ನಿಲ್ದಾಣದ ಬಳಿ ಡಬ್ಬಿಯನ್ನು ಕೈಗೆ ಕೊಟ್ಟವನೂ ಕೂಲಿಗಾರನೇ. ಅವನ ಮನೆಯ ಮುಂದೆಯೂ ಕಂತಿನ ಮೇಲೆ ಕೊಂಡ ವಾಹನ ಇದ್ದಿರಬಹುದು. ದೋಷವನ್ನು ವ್ಯಕ್ತಿಗಳಲ್ಲಿ ಹುಡುಕಿದರೆ ನಮಗೆ ಸಿಕ್ಕುವುದು ಒಬ್ಬ ನಕ್ಷತ್ರಿಕ ಮಾತ್ರ. ಹುಡುಕಬೇಕಾದದ್ದು ಕರಾರಿನಲ್ಲಿ.

ಕರಾರಿನ ದೋಷ ಇಷ್ಟೇ: ಸಂಬಳ ಈಗ ಅನಿಶ್ಚಿತ, ಕಂತು ಮಾತ್ರ ನಿಶ್ಚಿತ. ಹಿಂದೆ ಮೈಸೂರು ರಸ್ತೆಯ ಸುತ್ತಲಿನ ಮಿಲ್ಲು, ಕಾರ್ಖಾನೆಗಳಿಗೆ ಸೇರಿದವನು ಅಲ್ಲಿಯೇ ನಿವೃತ್ತನಾಗುವ ಭರವಸೆಯಿತ್ತು. ಬಿನ್ನಿ ಮಿಲ್ಲಿನ ಜಾಗದಲ್ಲಿ ಇಂದು ಬಹುಮಹಡಿ ಮನೆಗಳು ನಿಂತಿವೆ. ಇಂದಿನ ಉದ್ಯೋಗಗಳ ಆಯುಸ್ಸು ಎರಡು ವರ್ಷ, ಮೂರು ವರ್ಷ; ಸಾಲದ ಆಯುಸ್ಸು ಐದು ವರ್ಷ, ಏಳು ವರ್ಷ. ನಡುವಿನ ಅಪಾಯವನ್ನೆಲ್ಲ ಸಾಲಗಾರನೊಬ್ಬನೇ ಹೊರಬೇಕೆಂಬುದು ಯಾವ ನ್ಯಾಯ? ಸಾಲ ಕೊಟ್ಟವರ ಪಕ್ಷದಲ್ಲಿಯೂ ಮಾತಿದೆ. ಅವರು ಕೊಟ್ಟದ್ದು ಠೇವಣಿದಾರರ ಹಣ. ನನ್ನ ನಿವೃತ್ತ ತಂದೆಯ ಠೇವಣಿಯೂ ಅಂಥ ಒಂದು ಬ್ಯಾಂಕಿನಲ್ಲಿದೆ. ಎಲ್ಲರಿಗೂ ಮನ್ನಾ ಎಂದರೆ ಅವರ ಗತಿಯೇನು? ಆದಕಾರಣ ನಾನು ಮನ್ನಾವನ್ನು ಕೇಳುತ್ತಿಲ್ಲ. ಕೇಳುವುದು ವಿರಾಮವನ್ನು. ಮಹಾಮಾರಿಯೊಂದು ಬಂದು ಇಡೀ ದೇಶದ ಕೆಲಸ ನಿಂತಾಗ ಕೊಟ್ಟ ವಿರಾಮವನ್ನು, ಒಬ್ಬನ ಕೆಲಸ ನಿಂತಾಗ ಏಕೆ ಕೊಡಬಾರದು? ಕೆಲಸ ಹೋದದ್ದಕ್ಕೆ ಪ್ರಮಾಣಪತ್ರ ತಂದವನಿಗೆ ಮೂರೋ ನಾಲ್ಕೋ ತಿಂಗಳು ಕಂತಿಲ್ಲ, ಆ ಅವಧಿಗೆ ಸರಳ ಬಡ್ಡಿ ಮಾತ್ರ ಎಂಬ ಕಲಮು ಪ್ರತಿ ಸಾಲಪತ್ರದಲ್ಲಿಯೂ ಇರಬೇಕು. ಅದು ಕೊಡುವವನ ದಾಕ್ಷಿಣ್ಯವಾಗಿರದೆ ಪಡೆಯುವವನ ಹಕ್ಕಾಗಿರಬೇಕು.

ಈಗ ಇರುವ ಆಸರೆಗಳು ತೀರ ಕಡಿಮೆ. ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟವರಿಗೆ ಕೆಲಸ ಹೋದಾಗ ಗರಿಷ್ಠ 90 ದಿನಗಳ ನೆರವು ಕೊಡುವ ಯೋಜನೆಯೊಂದು 2018ರಲ್ಲಿ ಆರಂಭವಾಯಿತು. ಆದರೆ ಆ ವಿಮೆಯ ಸಂಬಳದ ಮಿತಿಯೇ 21,000 ರೂಪಾಯಿ. ಆಪ್‌ಗಳ ಮೂಲಕ ದುಡಿಯುವ ಚಾಲಕರಿಗಾಗಿ ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆಯನ್ನು ತಂದು, ಕಂಪನಿಗಳ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ವಿಧಿಸಿದೆ. ಆ ನಿಧಿಯಿಂದ, ಕೆಲಸ ತಪ್ಪಿದ ತಿಂಗಳುಗಳ ಕಂತಿಗೆ ಒಂದು ಪಾಲು ಸಲ್ಲುವಂತಾದರೆ ಅದಕ್ಕಿಂತ ದೊಡ್ಡ ಕಲ್ಯಾಣ ಬೇರೆ ಇರಲಾರದು. ಸಾಲಗಾರನೂ ಮಾಡಬೇಕಾದ ಕೆಲಸವಿದೆ. ಕಂತು 90 ದಿನ ಬಾಕಿ ಬಿದ್ದರೆ ಸಾಲವು ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ. ಮೊದಲ ಕಂತು ತಪ್ಪುವ ಮುನ್ನವೇ, ನಾಚಿಕೆಯನ್ನು ಬಿಟ್ಟು, ಅವಧಿಯನ್ನು ವಿಸ್ತರಿಸಿ ಕಂತನ್ನು ಇಳಿಸಿರೆಂದು ಬರಹದಲ್ಲಿ ಕೇಳಬೇಕು. ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. 2020ರ ಆಗಸ್ಟಿನಲ್ಲಿಯೇ ಸಾಲಗಳನ್ನು ಹೀಗೆ ಪುನರ್ರಚಿಸಲು ರಿಸರ್ವ್ ಬ್ಯಾಂಕು ದಾರಿ ತೆರೆದಿತ್ತು. ನಮ್ಮ ಗೃಹಸ್ಥರಿಗೆ ಅದು ತಿಳಿದಿರಲಿಲ್ಲ. ಎಂ.ಎ. ಓದಿದ ನನಗೂ ತಿಳಿದಿರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದರು. ಮಗಳಿಗೆ ಕೆಂಗೇರಿಯ ಆಚೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಕಂತಿನ ಮೇಲೆ ಸ್ಕೂಟರ್ ಕೊಳ್ಳಬೇಕೆಂದಿದ್ದಾಳೆ. ನಾನು ಪೆನ್ನು ಹುಡುಕುತ್ತಿರುವುದನ್ನು ಕಂಡು ಅವರು ನಕ್ಕರು. ರುಜು ಬೇಡ ಸಾರ್, ಓದಿ ಹೇಳಿ, ಸಾಕು ಎಂದರು. ಸಣ್ಣ ಅಕ್ಷರದ ಹದಿನಾಲ್ಕು ಪುಟಗಳ ಇಂಗ್ಲಿಷ್ ಪತ್ರ. ಇಬ್ಬರೂ ಕುಳಿತು ಎರಡು ಗಂಟೆ ಓದಿದೆವು; ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಬೆರಳಿಟ್ಟು ಮತ್ತೊಮ್ಮೆ ಕೇಳುವುದು. ಸ್ಕೂಟರ್ ಕಳವಾದರೆ ಏನೆಂದು ಅದರಲ್ಲಿತ್ತು. ಅಪಘಾತವಾದರೆ ಏನು, ವಿಳಾಸ ಬದಲಾದರೆ ಏನು, ಸಾಲಗಾರ ಸತ್ತರೆ ಏನು ಎಂದೂ ಇತ್ತು. ಕೊನೆಯ ಪುಟವನ್ನು ಮಗುಚಿಟ್ಟಾಗ ಅವರು, ಕೆಲಸ ಹೋದರೆ ಏನಂತೆ ಸಾರ್ ಎಂದು ಕೇಳಿದರು. ಮೊದಲ ಪುಟದಿಂದ ಮತ್ತೊಮ್ಮೆ ಹುಡುಕಿದೆ. ಅದರ ಮಾತೇ ಅಲ್ಲಿರಲಿಲ್ಲ.